ಚಂದ್ರಶಿಲೆಗೆ ಚಳಿಗಾಲದ ದಾರಿ

ಹಿಮಾಲಯ ಹತ್ತುವುದೆಂದರೆ ಹಗ್ಗ, ಹಿಮಗೊಡಲಿ, ಆಮ್ಲಜನಕದ ಸಿಲಿಂಡರು ಎಂದುಕೊಂಡು ದೂರವೇ ಉಳಿದವರು ಬಹಳ ಮಂದಿ. ಅಂಥವರು ಒಂದು ಚಳಿಗಾಲ ಉತ್ತರಾಖಂಡದ ಸಾರಿ ಎಂಬ ಹಳ್ಳಿಗೆ ಹೋಗಬೇಕು. ಅಲ್ಲಿಂದ ದೇವರಿಯಾ ತಾಲ್, ಚೋಪ್ತಾ, ತುಂಗನಾಥ ದಾಟಿ ಚಂದ್ರಶಿಲೆಯ ಶಿಖರ ಮುಟ್ಟುವ ದಾರಿ ನಾಲ್ಕೈದು ದಿನದ್ದು. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಹಿಮಾಲಯವನ್ನು ಕಣ್ಣಿಗೆ ಕೊಡುವ ದಾರಿಗಳು ಹೆಚ್ಚಿಲ್ಲ.

ಮೊದಲ ದಿನದ ಏರು ಸಣ್ಣದು. ಸಾರಿಯಿಂದ ಎರಡೂವರೆ ಕಿಲೋಮೀಟರ್ ಹತ್ತಿದರೆ, ಸುಮಾರು 2,400 ಮೀಟರ್ ಎತ್ತರದಲ್ಲಿ ದೇವರಿಯಾ ತಾಲ್. ಯಕ್ಷ ಧರ್ಮರಾಯನಿಗೆ ಪ್ರಶ್ನೆ ಕೇಳಿದ ಕೊಳ ಇದೇ ಎಂಬುದು ಅಲ್ಲಿಯವರ ನಂಬಿಕೆ. ಗಾಳಿಯಿಲ್ಲದ ಬೆಳಗಿನಲ್ಲಿ 7,138 ಮೀಟರಿನ ಚೌಖಂಬಾ ತಲೆಕೆಳಗಾಗಿ ಆ ನೀರೊಳಗೆ ನಿಂತಿರುತ್ತದೆ. ಚಳಿ ಬಲಿತಾಗ ಕೊಳದ ಮೇಲ್ಪದರ ಹೆಪ್ಪುಗಟ್ಟುವುದೂ ಉಂಟು. ಆಗ ಪ್ರತಿಬಿಂಬ ಸಿಗುವುದಿಲ್ಲ, ಶಿಖರ ಮಾತ್ರ ಎದುರಿಗೇ ಇರುತ್ತದೆ.

ಕರ್ನಾಟಕದಲ್ಲೇ ಅತಿ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ಮುಂದೆ ಸಿಗುವ ಚೋಪ್ತಾದ ಹುಲ್ಲುಗಾವಲು ಅದಕ್ಕಿಂತ ಏಳುನೂರು ಮೀಟರಿಗೂ ಹೆಚ್ಚು ಮೇಲಿದೆ. ಹಾಗೆಂದು ಹೆದರಬೇಕಿಲ್ಲ. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿ ಇಳಿದ ಮೊಣಕಾಲಿಗೆ ಇಲ್ಲಿನ ಏರು ಹೊಸದಲ್ಲ. ಹೊಸದಾಗಿರುವುದು ತೆಳುವಾದ ಗಾಳಿ ಮತ್ತು ಕಾಲಡಿಯ ಹಿಮ.

ಬೇಸಿಗೆಯಲ್ಲಿ ಹೋಗಬಾರದೇ ಎಂದು ಕೇಳುವವರಿದ್ದಾರೆ. ಹೋಗಬಹುದು. ಆದರೆ ಬೇಸಿಗೆಯ ಗಾಳಿಯಲ್ಲಿ ಬಯಲಿನ ಧೂಳು, ಕಾಡ್ಗಿಚ್ಚಿನ ಹೊಗೆ ಸೇರಿ ದೂರದ ಶಿಖರಗಳು ಮಾಸಲಾಗುತ್ತವೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಮೋಡ ಸರಿದ ದಿನ ಪ್ರತಿ ಕೋಡಿನ ಅಂಚೂ ಕೊರೆದಿಟ್ಟಷ್ಟು ಸ್ಪಷ್ಟ. ಹಿಮ ಜಾಸ್ತಿ ಬಿದ್ದರೆ ಊಖೀಮಠದಿಂದ ಚೋಪ್ತಾಕ್ಕೆ ಹೋಗುವ ರಸ್ತೆ ಮುಚ್ಚುತ್ತದೆ. ಕೊನೆಯ ಕೆಲವು ಕಿಲೋಮೀಟರ್ ನಡೆದೇ ಹೋಗಬೇಕು. ವಾಹನದ ಸದ್ದಿಲ್ಲದ ಆ ರಸ್ತೆಯೂ ಚಾರಣದ ಭಾಗವೇ ಆಗಿಬಿಡುತ್ತದೆ.

ಶಿಖರಕ್ಕೆ ಹೊರಡುವುದು ನಸುಕಿಗೂ ಮುಂಚೆ, ಹಣೆದೀಪದ ಬೆಳಕಿನಲ್ಲಿ. ಸೂರ್ಯೋದಯ ನೋಡುವ ಆಸೆ ಒಂದು ಕಾರಣ. ಹಿಮದ ಸ್ವಭಾವ ಇನ್ನೊಂದು. ರಾತ್ರಿಯ ಚಳಿಗೆ ಗಟ್ಟಿಯಾದ ಹಿಮದಲ್ಲಿ ಶೂಗೆ ಸಿಕ್ಕಿಸಿದ ಮೈಕ್ರೋಸ್ಪೈಕಿನ ಹಲ್ಲುಗಳು ಚೆನ್ನಾಗಿ ಕಚ್ಚುತ್ತವೆ, ಹೆಜ್ಜೆಹೆಜ್ಜೆಗೂ ಹಪ್ಪಳ ಮುರಿದಂತೆ ಸದ್ದು. ಹತ್ತು ಗಂಟೆಯ ಬಿಸಿಲು ತಾಗಿತೆಂದರೆ ಅದೇ ಹಿಮ ಸಡಿಲಾಗಿ, ಇಟ್ಟ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ಏರುವಾಗ ಶೂವಿನ ತುದಿಯಿಂದ ಹಿಮವನ್ನು ಒದ್ದು ಮೆಟ್ಟಿಲು ಮಾಡಿಕೊಳ್ಳಬೇಕು, ಇಳಿಯುವಾಗ ಹಿಮ್ಮಡಿಯನ್ನು ಊರಬೇಕು. ಮುಂದಿನವರ ಹೆಜ್ಜೆಗುರುತಿನಲ್ಲೇ ಕಾಲಿಟ್ಟರೆ ಅರ್ಧ ದಣಿವು ತಪ್ಪುತ್ತದೆ. ಅರ್ಧ ಗಂಟೆಯಲ್ಲಿ ಕಾಲಿಗೆ ಒಂದು ಲಯ ಸಿಕ್ಕಿಬಿಡುತ್ತದೆ. ಚಳಿಗಾಲದ ಚಾರಣದ ನಿಜವಾದ ಸುಖ ಆ ಲಯದಲ್ಲಿದೆ, ಶಿಖರದ ಮೇಲಿನ ಫೋಟೋದಲ್ಲಿ ಅಲ್ಲ.

ಚಳಿಯೊಡನೆ ಬಾಳುವ ಸಣ್ಣ ಉಪಾಯಗಳೂ ಅಷ್ಟೇ ಚೆಂದ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಆದ್ದರಿಂದ ಬಾಟಲಿಯನ್ನು ತಲೆಕೆಳಗಾಗಿಟ್ಟರೆ ಮುಚ್ಚಳದ ಬಳಿ ಮಂಜುಗಡ್ಡೆ ಕಟ್ಟುವುದಿಲ್ಲ. ಮೊಬೈಲು, ಬ್ಯಾಟರಿಗಳು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗಬೇಕು. ಹತ್ತಿಯ ಬನಿಯನ್ನು ಬೆವರು ಕುಡಿದು ಒಣಗುವುದೇ ಇಲ್ಲ, ನಿಂತ ಕೂಡಲೇ ಮೈ ನಡುಗಿಸುತ್ತದೆ. ಒಂದೇ ದಪ್ಪ ಕೋಟಿಗಿಂತ ತೆಳುವಾದ ಮೂರು ಪದರಗಳು ಮೇಲು: ನಡೆಯುವಾಗ ಒಂದು ಕಳಚಬಹುದು, ನಿಂತಾಗ ಹಾಕಿಕೊಳ್ಳಬಹುದು. ಕಪ್ಪು ಕನ್ನಡಕ ಶೋಕಿಗಲ್ಲ. ಹಿಮದಿಂದ ಪುಟಿದ ಬಿಸಿಲು ಕಣ್ಣಿಗೆ ನಿಜಕ್ಕೂ ಪೆಟ್ಟು ಕೊಡುತ್ತದೆ.

ತಲೆನೋವಿನೊಡನೆ ವಾಕರಿಕೆ, ತಲೆಸುತ್ತು ಬಂದರೆ ಅದು ಎತ್ತರದ ಕಾಯಿಲೆಯ ಸೂಚನೆ. ಮಾರ್ಗದರ್ಶಿಗೆ ಆಗಲೇ ಹೇಳಬೇಕು, ಮುಂದೆ ಹತ್ತಬಾರದು. ಹೆಚ್ಚಾದರೆ ತಡಮಾಡದೆ ಕೆಳಗಿಳಿಯುವುದೇ ಮದ್ದು.

ತುಂಗನಾಥ ಶಿವನ ಪಂಚಕೇದಾರ ಗುಡಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು, ಸುಮಾರು 3,680 ಮೀಟರ್. ಚಳಿಗಾಲದಲ್ಲಿ ಗುಡಿಯ ಬಾಗಿಲು ಹಾಕಿರುತ್ತದೆ. ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಇಳಿದು ಮಕ್ಕೂಮಠ ಸೇರಿರುತ್ತದೆ. ತುಂಗನಾಥದಿಂದ ಚಂದ್ರಶಿಲೆಗೆ ಒಂದೂವರೆ ಕಿಲೋಮೀಟರ್, ಇಡೀ ದಾರಿಯ ಕಡಿದಾದ ಭಾಗ ಅದೇ. ನೆತ್ತಿಯಲ್ಲಿ ಚೌಖಂಬಾ, ತ್ರಿಶೂಲ, ನಂದಾದೇವಿ, ಕೇದಾರ ಶಿಖರಗಳೆಲ್ಲ ಸುತ್ತುಗಟ್ಟುತ್ತವೆ. ಹೊಸ ಹಿಮ ದಪ್ಪವಾಗಿ ಬಿದ್ದ ಮರುದಿನ ಮಾತ್ರ ಮಾರ್ಗದರ್ಶಿ ತುಂಗನಾಥದಲ್ಲೇ ನಿಲ್ಲಿಸಿದರೆ ವಾದಿಸಬಾರದು.

ಇಳಿದ ಮೇಲೆ ಊಖೀಮಠಕ್ಕೆ ಅರ್ಧ ದಿನ ಎತ್ತಿಡಬೇಕು, ಕನ್ನಡಿಗರಂತೂ ಖಂಡಿತ. ಕೇದಾರನಾಥನ ಚಳಿಗಾಲದ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ಗುಡಿಯಲ್ಲಿ. ವೀರಶೈವ ಪಂಚಪೀಠಗಳಲ್ಲಿ ಒಂದು ಇಲ್ಲಿದೆ. ಇನ್ನೊಂದು ಮುಳ್ಳಯ್ಯನಗಿರಿ ಇರುವ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ. ಕೇದಾರದ ಪ್ರಧಾನ ಅರ್ಚಕರಾದ ರಾವಲರು ವೀರಶೈವ ಪರಂಪರೆಯಿಂದ ಬರುವುದು ಹಳೆಯ ವಾಡಿಕೆ. ಆ ಪರಂಪರೆಯ ಬೇರು ಕನ್ನಡ ನಾಡಿನಲ್ಲಿದೆ.