ಮುಕ್ತಿನಾಥನ ದಾರಿಯಲ್ಲಿ ಒಂದು ಗಾಳಿಯೂರು

ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆಯೇ? ಇದ್ದರೆ ಅದರ ತವರು ನೇಪಾಳದ ಗಂಡಕಿ ನದಿ ಅಂತ ಹಿರಿಯರು ಹೇಳಿದ್ದನ್ನು ಕೇಳಿಯೇ ಇರುತ್ತೀರಿ. ಆ ಕಾಳಿ ಗಂಡಕಿಯ ದಡದಲ್ಲಿದೆ ಜೋಮ್‌ಸೋಮ್ ಎಂಬ ಪುಟ್ಟ ಊರು. ಮುಕ್ತಿನಾಥಕ್ಕೆಂದು ಪುಟ್ಟ ವಿಮಾನ ಹತ್ತಿದವರು ಇಳಿಯುವುದು ಇಲ್ಲಿಯೇ.

ಪೋಖರಾದಿಂದ ಸುಮಾರು ಇಪ್ಪತ್ತು ನಿಮಿಷದ ಹಾರಾಟ, ಅಷ್ಟೆ. ವಿಮಾನ ನಮ್ಮ ಮಿನಿಬಸ್ಸಿನಷ್ಟೇ. ಒಂದು ಪಕ್ಕ ಧವಳಗಿರಿ, ಇನ್ನೊಂದು ಪಕ್ಕ ಅನ್ನಪೂರ್ಣಾ. ಎರಡೂ 8000 ಮೀಟರಿಗೂ ಎತ್ತರ! ನಡುವಿನ ಕಣಿವೆಯಲ್ಲಿ ವಿಮಾನ ತೂರಿ ಹೋಗುತ್ತದೆ. ಇಳಿಯುವ ಜಾಗ ಸುಮಾರು 2700 ಮೀಟರ್ ಎತ್ತರದಲ್ಲಿದೆ. ವಿಮಾನ ಓಡುವ ದಾರಿ ಮುಕ್ಕಾಲು ಕಿಲೋಮೀಟರೂ ಇಲ್ಲ.

ಇಲ್ಲಿ ವಿಮಾನಗಳು ಬೆಳಿಗ್ಗೆ ಮಾತ್ರ ಯಾಕೆ ಬರುತ್ತವೆ ಗೊತ್ತೇ? ಹೊತ್ತೇರಿದಂತೆ ಉತ್ತರದ ಬರಡು ಪ್ರಸ್ಥಭೂಮಿ ಕಾಯುತ್ತದೆ. ಅಲ್ಲಿನ ಬಿಸಿಗಾಳಿ ಮೇಲೆದ್ದಾಗ, ಆ ಜಾಗ ತುಂಬಲು ತಗ್ಗಿನ ಗಾಳಿ ಕಣಿವೆಯೊಳಗೆ ನುಗ್ಗುತ್ತದೆ. ಮಧ್ಯಾಹ್ನದ ಹೊತ್ತಿಗೆ ನೆಟ್ಟಗೆ ನಿಲ್ಲೋದೇ ಕಷ್ಟ. ಮಹಡಿಯ ಮೇಲೆ ಸೀರೆ ಹರವುವಾಗ ಗಾಳಿ ಒಮ್ಮೆ ಎಳೆದು, ಮರುಕ್ಷಣ ಬಿಟ್ಟುಬಿಟ್ಟರೆ ನಾವೇ ತೂರಾಡುತ್ತೇವಲ್ಲ, ಹಗುರ ವಿಮಾನದ ಪಾಡೂ ಅದೇ. ಗಾಳಿಗೆ ಎದುರಾಗಿ ಇಳಿದರೆ ವೇಗ ತಗ್ಗುತ್ತದೆ. ಅಡ್ಡಗಾಳಿ ಹೊಡೆದರೆ ದಾರಿಯಿಂದ ಪಕ್ಕಕ್ಕೆ ತಳ್ಳುತ್ತದೆ. ಹಿಂದಿನಿಂದ ಬೀಸಿದರೆ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

2013ರ ಮೇ 16ರಂದು ಹೀಗೇ ಆಯಿತು. ಪೋಖರಾದಿಂದ ಬಂದ ವಿಮಾನವೊಂದು ಹಿಂಗಾಳಿಯಲ್ಲೇ ಇಳಿಯಿತು; ದಾರಿ ಬಿಟ್ಟು ಹೊರಳಿ ಕಾಳಿ ಗಂಡಕಿಯ ದಡಕ್ಕೆ ಬಿತ್ತು. ಒಳಗಿದ್ದವರು 21 ಮಂದಿ. ಗಾಯಗಳಾದರೂ ಅಷ್ಟೂ ಜನ ಬದುಕಿ ಉಳಿದರು.

ನಾವು ಹೋದಾಗ ಮೊದಲ ದಿನ ವಿಮಾನ ಹೊರಡಲೇ ಇಲ್ಲ. ಗುಂಪಿನ ಯಜಮಾನರೊಬ್ಬರು, "ಬಿಸಿಲು ಇಷ್ಟು ಚೆನ್ನಾಗಿದೆ, ಏನ್ರೀ ನಿಮ್ಮ ತಕರಾರು?" ಅಂತ ಕೌಂಟರಿನವರ ಮೇಲೆ ರೇಗಿದರು. ನಮ್ಮತ್ತೆ ಮಾತ್ರ ಜಪಸರ ತೆಗೆದು ಕೂತು, "ಸ್ವಾಮಿ ಎಲ್ಲೂ ಓಡಿಹೋಗಲ್ಲಪ್ಪ, ನಾಳೆ ನೋಡೋಣ" ಅಂದರು. ಮರುದಿನ ಬೆಳಿಗ್ಗೆ ಹೋದೆವು.

ಆದ್ದರಿಂದ ಸೋದರಿಯರೇ, ಎರಡು ದಿನ ಕೈಯಲ್ಲಿಟ್ಟುಕೊಂಡೇ ಹೊರಡಿ. ಊರಿಗೆ ಮರಳುವ ಟಿಕೆಟ್ಟನ್ನು ಬಿಗಿಯಾಗಿ ಮಾಡಿಸಬೇಡಿ. ಬೆಳಗಿನ ಮೊದಲ ವಿಮಾನವನ್ನೇ ಕೇಳಿ. ವಿಮಾನ ಬೇಡವೆನಿಸಿದರೆ ಬೇನಿಯ ಮೇಲೆ ಜೀಪು ಹೋಗುತ್ತದೆ. ಮೈಕೈ ನೋವು ಖಂಡಿತ. ಮುಕ್ತಿನಾಥ ಇನ್ನೂ ಸಾವಿರ ಮೀಟರ್ ಮೇಲಿದೆ. ವಯಸ್ಸಾದವರು ನಿಧಾನವಾಗಿ ಹತ್ತಲಿ. ಅಲ್ಲಿನ 108 ಧಾರೆಗಳ ನೀರು ಐಸಿನಂತಿರುತ್ತದೆ; ಆಗದವರು ಪ್ರೋಕ್ಷಣೆ ಮಾಡಿಕೊಂಡರೆ ಸಾಕು. ಕಿವಿಗೆ ಮಫ್ಲರು, ದಾರಿಗೆ ಒಗ್ಗರಣೆ ಅವಲಕ್ಕಿ ಮರೆಯಬೇಡಿ.