ಅಂಗಡಿಯಿಲ್ಲದ ವ್ಯಾಪಾರ

ವ್ಯಾಪಾರವೆಂದರೆ ಅಂಗಡಿ, ಅಂಗಡಿಯೆಂದರೆ ಮಾಲು, ಮಾಲೆಂದರೆ ಬಂಡವಾಳ ಎಂಬುದು ನಮ್ಮ ತಲೆಮಾರಿನವರ ತಿಳಿವಳಿಕೆ. ಕಪಾಟಿನಲ್ಲಿ ಸರಕಿಲ್ಲದೆ, ಗಲ್ಲಾಪೆಟ್ಟಿಗೆಯಿಲ್ಲದೆ, ಕೈಯಲ್ಲೊಂದು ಮೊಬೈಲು ಹಿಡಿದು ಕಟ್ಟೆಯ ಮೇಲೆ ಕುಳಿತವನು ತಾನು ವ್ಯಾಪಾರಿ ಎಂದರೆ ನಾವು ನಗುತ್ತೇವೆ. ಆದರೆ ಓದುಗ ಮಿತ್ರರೇ, ಹೀಗೆ ನಗುವ ಮೊದಲು ಲೆಕ್ಕ ನೋಡಬೇಕು. ಲೆಕ್ಕ ನೋಡಿದ ಮೇಲೂ ಕೆಲವೊಮ್ಮೆ ನಗು ಬರುತ್ತದೆ, ಕೆಲವೊಮ್ಮೆ ಗೌರವ ಹುಟ್ಟುತ್ತದೆ. ಈ ಎರಡನ್ನೂ ನಾನು ಒಬ್ಬನೇ ಹುಡುಗನಲ್ಲಿ ಕಂಡ ಕಾರಣ ಈ ಲೇಖನ.

ಈ ಹೊಸ ವ್ಯಾಪಾರಕ್ಕೆ 'ಡ್ರಾಪ್‌ಶಿಪ್ಪಿಂಗ್' ಎಂದು ಹೆಸರು. ಮಾರುವವನು ಮೊದಲೇ ಮಾಲು ಕೊಂಡಿಡುವುದಿಲ್ಲ. ಅಂತರಜಾಲದಲ್ಲಿ ಚಿತ್ರ ತೋರಿಸಿ ಜಾಹೀರಾತು ಕೊಡುತ್ತಾನೆ. ಗಿರಾಕಿ ಬೇಡಿಕೆ ಕಳಿಸಿದ ಮೇಲೆ ಅದನ್ನು ಸಗಟು ವ್ಯಾಪಾರಿಗೋ ತಯಾರಕನಿಗೋ ದಾಟಿಸುತ್ತಾನೆ. ಮಾಲು ಅಲ್ಲಿಂದಲೇ ನೇರವಾಗಿ ಗಿರಾಕಿಯ ಮನೆಗೆ ಹೋಗುತ್ತದೆ. ನಡುವಿನ ಬೆಲೆಯ ಅಂತರ ಇವನದು. ಸಿಂಧನೂರಿನ ಅಡತಿ ಅಂಗಡಿಗಳನ್ನು ಕಂಡವರಿಗೆ ಇದು ಪೂರ್ತಿ ಅಪರಿಚಿತವೇನಲ್ಲ. ಅಡತಿಯವನೂ ತಾನು ಬೆಳೆಯದ ಭತ್ತವನ್ನು ತಾನು ಉಣ್ಣದವರಿಗೆ ಮಾರಿಸಿಕೊಡುತ್ತಾನೆ. ಅವನಿಗೆ ರೈತನೂ ಗೊತ್ತು, ಖರೀದಿದಾರನೂ ಗೊತ್ತು. ಈ ಹೊಸ ವ್ಯಾಪಾರಿಗೆ ಇಬ್ಬರೂ ಗೊತ್ತಿರುವುದಿಲ್ಲ. ವ್ಯತ್ಯಾಸವಿರುವುದು ಅಲ್ಲಿಯೇ.

ನಮ್ಮ ರಾಜ್ಯದಲ್ಲಿ ಹುಟ್ಟಿದ ದೊಡ್ಡ ಕಂಪನಿಗಳೂ ಹೆಚ್ಚುಕಡಿಮೆ ಈ ದಾರಿಯಲ್ಲೇ ಮೊದಲ ಹೆಜ್ಜೆಯಿಟ್ಟವು. 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಬೆಂಗಳೂರಿನ ಕೋರಮಂಗಲದ ಮನೆಯೊಂದರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದಾಗ ಅವರ ಬಳಿ ಪುಸ್ತಕದ ಗೋದಾಮು ಇರಲಿಲ್ಲ. ಬೇಡಿಕೆ ಬಂದ ಮೇಲೆ ಪುಸ್ತಕ ಹುಡುಕಿ ತಂದು ಕಳಿಸುತ್ತಿದ್ದರು. ಮೊದಲ ಬೇಡಿಕೆ ಬಂದದ್ದು ಎಲ್ಲಿಂದ ಬಲ್ಲಿರಾ? ಬೆಂಗಳೂರಿನಿಂದಲ್ಲ, ನಮ್ಮ ರಾಯಚೂರಿನ ನೆರೆಯ, ಆಗ ಆಂಧ್ರಪ್ರದೇಶಕ್ಕೆ ಸೇರಿದ್ದ ಮಹಬೂಬನಗರದಿಂದ. ಜಾನ್ ವುಡ್ ಬರೆದ 'ಲೀವಿಂಗ್ ಮೈಕ್ರೋಸಾಫ್ಟ್ ಟು ಚೇಂಜ್ ದ ವರ್ಲ್ಡ್' ಆ ಪುಸ್ತಕ. ಒಳ್ಳೆಯ ಪುಸ್ತಕದಂಗಡಿ ದೂರವಿದ್ದ ಊರಿನವನೇ ಮೊದಲ ಗಿರಾಕಿಯಾದದ್ದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ. ಮುಂದೆ 2015ರಲ್ಲಿ ಬೆಂಗಳೂರಿನಲ್ಲಿಯೇ ವಿದಿತ್ ಆತ್ರೇಯ್ ಮತ್ತು ಸಂಜೀವ್ ಬರ್ನ್‌ವಾಲ್ ಮೀಶೋ ಕಟ್ಟಿದರು. ಅದರ ಆರಂಭದ ವರ್ಷಗಳಲ್ಲಿ ಸಾವಿರಾರು ಗೃಹಿಣಿಯರು ಸೀರೆ, ಕುಪ್ಪಸಗಳ ಚಿತ್ರಗಳನ್ನು ವಾಟ್ಸಾಪಿನಲ್ಲಿ ನೆಂಟರಿಷ್ಟರಿಗೆ ಕಳಿಸಿ, ತಮ್ಮ ಲಾಭ ಸೇರಿಸಿ ಮಾರಿದರು. ಮಾಲು ಕಳಿಸುವ ಹೊಣೆ ಮಾತ್ರ ಕಂಪನಿಯದಾಗಿತ್ತು.

ಇಷ್ಟು ಪೀಠಿಕೆಯ ನಂತರ ವಿಷಯಕ್ಕೆ ಬರುತ್ತೇನೆ. ಪಾಮನಕಲ್ಲೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲಿಂಗಸುಗೂರಿನಲ್ಲಿ ಬಿಕಾಂ ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷವಿದ್ದು, ಊರಿಗೆ ಮರಳಿದ್ದ. 2024ರ ಆರಂಭದಲ್ಲಿ ಒಂದು ಸಂಜೆ ನನ್ನನ್ನು ಕಾಣಲು ಬಂದ. ಅವ್ವನ ಎರಡು ತೊಲೆಯ ಸರವನ್ನು ಒತ್ತೆಯಿಟ್ಟು ಅರವತ್ತು ಸಾವಿರ ರೂಪಾಯಿ ತಂದಿದ್ದನಂತೆ. ಅದರಲ್ಲಿ ಹದಿನೆಂಟು ಸಾವಿರವನ್ನು, ಮೂರು ತಿಂಗಳಲ್ಲಿ ಲಕ್ಷಾಧೀಶನಾಗುವ ಬಗೆಯನ್ನು ಕಲಿಸುವುದಾಗಿ ಹೇಳಿದ ಯಾರೋ ಒಬ್ಬ ಮಹಾಶಯನ ಪಾಠಗಳಿಗೆ ಕೊಟ್ಟಿದ್ದ. ಹದಿನೇಳು ಸಾವಿರ ಜಾಹೀರಾತಿಗೂ ನಷ್ಟಕ್ಕೂ ಹೋಗಿತ್ತು. ಉಳಿದದ್ದು ಇಪ್ಪತ್ತೈದು ಸಾವಿರ.

"ಸರ, ಆರ್ಡರ್ ಬರಾಕತ್ತ್ಯಾವ್ರಿ, ಆದ್ರ ರೊಕ್ಕ ಉಳಿವಲ್ದು. ಎಲ್ಲಿ ತಪ್ಪೇತಿ ಅನ್ನೂದ ತಿಳಿವಲ್ದ್ರಿ" ಎಂದ.

"ತಮ್ಮಾ, ಮೊದಲು ಲೆಕ್ಕ ಬರಿ" ಎಂದೆ. ಗಣಿತ ಕಲಿಸಿದವನಿಗೆ ಬೇರೆ ಔಷಧ ತಿಳಿಯದು.

ಅವನು ಮಾರುತ್ತಿದ್ದುದು ಬೆನ್ನು ನೇರವಾಗಿಡುವ ಒಂದು ಪಟ್ಟಿ. ಸಗಟು ಬೆಲೆ 350, ಮಾರುವ ಬೆಲೆ 799, ಕೊರಿಯರ್ 80. ಆರು ಸಾವಿರ ರೂಪಾಯಿಯ ಜಾಹೀರಾತಿಗೆ 30 ಬೇಡಿಕೆ ಬಂದರೆ ತಲಾ 200 ರೂಪಾಯಿ ಖರ್ಚು. ಎಲ್ಲ ಕಳೆದು ಒಂದಕ್ಕೆ 169 ರೂಪಾಯಿ ಲಾಭ, ಮೂವತ್ತಕ್ಕೆ 5,070. ಪಾಠ ಹೇಳಿದ ಮಹಾಶಯ ಇಲ್ಲಿಗೇ ನಿಲ್ಲಿಸಿದ್ದ. ಆದರೆ ಮಾಲು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ ಎಲ್ಲರೂ ಮಾಲನ್ನು ಬಿಡಿಸಿಕೊಳ್ಳುವುದಿಲ್ಲ. ಮೂವತ್ತರಲ್ಲಿ ಒಂಬತ್ತು ಹಿಂದಿರುಗಿದವು. ಇಪ್ಪತ್ತೊಂದರಿಂದ ಬಂದದ್ದು 16,779. ಆ ಇಪ್ಪತ್ತೊಂದರ ಅಸಲು 7,350; ಮೂವತ್ತೂ ಕಳಿಸಿದ ಖರ್ಚು 2,400; ಒಂಬತ್ತು ಮರಳಿ ಬಂದ ಖರ್ಚು 720; ಜಾಹೀರಾತು 6,000. ಒಟ್ಟು 16,470. ಉಳಿದದ್ದು 309 ರೂಪಾಯಿ! ಮರಳಿ ಬಂದ ಮಾಲನ್ನು ಸಗಟು ವ್ಯಾಪಾರಿ ಹಿಂದಕ್ಕೆ ಪಡೆಯದಿದ್ದರೆ ಇನ್ನೂ 3,150 ನಷ್ಟ. ತೆರಿಗೆಯನ್ನು ನಾವಿನ್ನೂ ಮುಟ್ಟಿಯೇ ಇರಲಿಲ್ಲ. ಹುಡುಗ ಬಹಳ ಹೊತ್ತು ಹಾಳೆಯನ್ನೇ ನೋಡುತ್ತ ಕುಳಿತ.

ಈ ಮರಳಿ ಬರುವ ಪಿಡುಗು ಹೊಸದಲ್ಲ. ಭಾರತದ ಅಂಚೆ ಇಲಾಖೆ 1877ರಲ್ಲಿಯೇ ವಿ.ಪಿ.ಪಿ. ಪದ್ಧತಿಯನ್ನು ತಂದಿತ್ತು. ನಮ್ಮ ಬಾಲ್ಯದಲ್ಲಿ ಪತ್ರಿಕೆಯ ಜಾಹೀರಾತು ಕಂಡು ಪುಸ್ತಕಕ್ಕೋ ಗಡಿಯಾರಕ್ಕೋ ಕಾಗದ ಬರೆದವರು, ಪಾರ್ಸೆಲ್ ಬರುವ ಹೊತ್ತಿಗೆ ಕೈಯಲ್ಲಿ ಕಾಸಿಲ್ಲದೆ, ಅಂಚೆಯವರ ಕಣ್ಣಿಗೆ ಬೀಳದಂತೆ ತಿರುಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಗಿರಾಕಿಗೆ ನಿಜವಾಗಿ ಬೇಕಿಲ್ಲದ್ದನ್ನು ಆಸೆ ಹುಟ್ಟಿಸಿ ಮಾರಿದರೆ, ಪಾರ್ಸೆಲ್ ಮನೆ ತಲುಪುವಷ್ಟರಲ್ಲಿ ಆಸೆ ಆರಿರುತ್ತದೆ.

ಹಾಗಾದರೆ ಯಾರಿಗೆ ಏನು ಬೇಕೆಂದು ತಿಳಿಯುವುದು ಹೇಗೆ? ಹಳ್ಳಿಗೆ ಬರುತ್ತಿದ್ದ ಬಳೆಗಾರನನ್ನು ನೆನೆಯಿರಿ. ಯಾರ ಮನೆಯಲ್ಲಿ ಮದುವೆ, ಯಾರ ಮಗಳಿಗೆ ಕುಬುಸ, ಯಾವ ಮನೆಯ ಅಜ್ಜಿಗೆ ಯಾವ ಅಳತೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಬಳೆಯ ಮಲಾರ ಹೊರುವ ಮೊದಲೇ ಅವನ ಅರ್ಧ ವ್ಯಾಪಾರ ಮುಗಿದಿರುತ್ತಿತ್ತು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮಸ್ಕಿಯ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಕಂಡುಹಿಡಿದ, ದೇವಾನಾಂಪ್ರಿಯನೇ ಅಶೋಕನೆಂದು ಜಗತ್ತಿಗೆ ಸಾರಿದ ಶಾಸನವದು. ಇಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಬರೆಸಿದ ಅದೇ ಅರಸು ವಾಯವ್ಯ ಗಡಿಯ ಶಾಸನಗಳನ್ನು ಖರೋಷ್ಠಿಯಲ್ಲಿ ಬರೆಸಿದ. ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳನ್ನು ಬಳಸಿದ. ಓದುವವನು ಯಾರೆಂದು ಅರಿತು ಬರೆಸುವುದು ಅಷ್ಟು ಹಳೆಯ ವಿದ್ಯೆ.

ನಾನು ಹುಡುಗನಿಗೆ ಹೇಳಿದ್ದು ಎರಡೇ ಮಾತು. ಇಪ್ಪತ್ತೈದರಲ್ಲಿ ಹದಿನೈದು ಸಾವಿರವನ್ನು ನಾಳೆಯೇ ಒತ್ತೆಯ ಸಾಲಕ್ಕೆ ಕಟ್ಟು. ಉಳಿದ ಹತ್ತು ಸಾವಿರ ಪ್ರಯೋಗದ ಹಣ, ಅದು ಮುಗಿದರೆ ಆಟವೂ ಮುಗಿಯಿತು. ಎರಡನೆಯದು, ಮಾಲು ಹುಡುಕುವ ಮೊದಲು ಗಿರಾಕಿಯನ್ನು ಹುಡುಕು.

ಮುಂದಿನದೆಲ್ಲ ಅವನ ಬುದ್ಧಿ. ಬೆಂಗಳೂರು, ಪುಣೆಗಳಲ್ಲಿರುವ ನಮ್ಮ ಭಾಗದ ಇಪ್ಪತ್ತು ಮಂದಿಗೆ ಫೋನು ಮಾಡಿ, ಮಾರುವ ಮಾತೆತ್ತದೆ, ಹಬ್ಬಕ್ಕೆ ಏನು ಕೊಳ್ಳುತ್ತೀರಿ, ಯಾರಿಗೆ ಕೊಳ್ಳುತ್ತೀರಿ, ಏನು ಸಿಗದೆ ಬೇಸರವಾಗಿದೆ ಎಂದು ಕೇಳಿ ಬರೆದುಕೊಂಡ. ಉತ್ತರಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬಂದಿತು. ಊರಲ್ಲಿರುವ ಅವ್ವನಿಗೆ, ಅಜ್ಜಿಗೆ ಪಂಚಮಿಗೋ ದೀಪಾವಳಿಗೋ ಇಳಕಲ್ ಸೀರೆ ಕೊಡಿಸುವ ಆಸೆ. ಆದರೆ ಅವರು ಉಡುವ ಎಂಟು, ಒಂಬತ್ತು ಗಜದ ಸೀರೆ ನಗರದ ಅಂಗಡಿಗಳಲ್ಲಿ ಸುಲಭವಾಗಿ ಸಿಗದು. ಸಿಕ್ಕಿದರೂ ಕೈಮಗ್ಗದ್ದೋ ಪವರ್‌ಲೂಮಿನದೋ ನಂಬುವಂತಿಲ್ಲ. ಅಂದರೆ ಕೊಳ್ಳುವವರು ಬೆಂಗಳೂರಿನಲ್ಲಿ, ಉಡುವವರು ಪಾಮನಕಲ್ಲೂರಿನಂಥ ಊರುಗಳಲ್ಲಿ! ಇದು ಯಾವ ಹದಿನೆಂಟು ಸಾವಿರದ ಪಾಠದಲ್ಲಿಯೂ ಇರಲಿಲ್ಲ.

ಇಳಕಲ್ಲಿಗೆ ಹೋಗಿ ನೇಕಾರರಿಂದ ನೇರವಾಗಿ ಸೀರೆ ಪಡೆಯುವ ಒಬ್ಬ ವ್ಯಾಪಾರಿಯೊಡನೆ ಮಾತಾಡಿಕೊಂಡ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸುವ ಬಗೆಯನ್ನು ಮಗ್ಗದ ಮುಂದೆ ನಿಂತು ನೋಡಿದ. ಕೆಂಪು ರೇಷ್ಮೆಯ ನಡುವೆ ಬಿಳಿಯ ತೆನೆಗಳೇಳುವ ತೋಪು ತೆನೆಯ ಸೆರಗನ್ನು ಹಗಲ ಬೆಳಕಿನಲ್ಲಿ ತಾನೇ ಚಿತ್ರ ತೆಗೆದ. ಬಣ್ಣ ಬೇರೆ ಕಂಡು ಸೀರೆ ಮರಳಿ ಬರಬಾರದೆಂಬ ಎಚ್ಚರ. ಕೈಮಗ್ಗದ್ದಕ್ಕೆ ಕೈಮಗ್ಗವೆಂದೂ ಪವರ್‌ಲೂಮಿನದಕ್ಕೆ ಪವರ್‌ಲೂಮೆಂದೂ ಬರೆದ.

ನಂತರ ಜಾಹೀರಾತು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಜಾಹೀರಾತು ಯಾವ ಊರಿನವರಿಗೆ, ಯಾವ ವಯಸ್ಸಿನವರಿಗೆ, ಯಾವ ಭಾಷೆಯವರಿಗೆ, ಯಾವ ಅಭಿರುಚಿಯವರಿಗೆ ಕಾಣಬೇಕೆಂದು ಗುರುತಿಸಬಹುದು. ಹುಡುಗ ವಿಜ್ಞಾನದ ಪ್ರಯೋಗದಂತೆ ಒಂದು ಸಲಕ್ಕೆ ಒಂದೇ ಅಂಶ ಬದಲಿಸಿದ. ಚಿತ್ರ ಒಂದೇ, ನೋಡುವವರೂ ಒಂದೇ ಬಗೆಯವರು. ಒಕ್ಕಣೆ ಮಾತ್ರ ಮೂರು. ಒಂದು ಇಂಗ್ಲಿಷಿನದು, ಒಂದು ಗ್ರಾಂಥಿಕ ಕನ್ನಡದ್ದು, ಮೂರನೆಯದು 'ಅವ್ವಗ ಒಂದು ಇಳಕಲ್ ಸೀರಿ' ಎಂದು ನಮ್ಮ ಮಾತಿನದು. ದಿನಕ್ಕೆ ತಲಾ 150 ರೂಪಾಯಿಯಂತೆ ನಾಲ್ಕು ದಿನಕ್ಕೆ 1,800 ರೂಪಾಯಿ ಖರ್ಚು. ಎಷ್ಟು ಜನ ಮೆಚ್ಚುಗೆ ಒತ್ತಿದರೆಂದು ನೋಡದೆ, ಎಷ್ಟು ಜನ ಹಣ ಕಟ್ಟಿದರೆಂದು ನೋಡಿದ. ಗೆದ್ದದ್ದು ಮೂರನೆಯದು. ಆಮೇಲೆ ಒಕ್ಕಣೆಯನ್ನು ಹಾಗೆಯೇ ಇಟ್ಟು ನೋಡುವವರನ್ನು ಬದಲಿಸಿದ. ಬೆಂಗಳೂರಿನಲ್ಲಿ ಕನ್ನಡದಲ್ಲಿ ಮೊಬೈಲು ಬಳಸುವ, ಇಪ್ಪತ್ತೈದರಿಂದ ನಲವತ್ತರೊಳಗಿನ ಗಂಡುಮಕ್ಕಳೂ ಒಳ್ಳೆಯ ಗಿರಾಕಿಗಳೆಂದು ಆಗ ತಿಳಿಯಿತು. ಸೀರೆಯ ಜಾಹೀರಾತನ್ನು ಹೆಂಗಸರಿಗಷ್ಟೇ ತೋರಿಸಬೇಕೆಂದು ನಾನಾಗಿದ್ದರೆ ಹೇಳುತ್ತಿದ್ದೆ.

ಆ ವರ್ಷದ ನಾಗರ ಪಂಚಮಿಗೆ ಮುಂಚೆ ನಾಲ್ಕು ಸಾವಿರ ರೂಪಾಯಿಯ ಜಾಹೀರಾತಿಗೆ ಬಂದದ್ದು 16 ಬೇಡಿಕೆ. ಬೆನ್ನುಪಟ್ಟಿಯ ಮೂವತ್ತಕ್ಕಿಂತ ಕಡಿಮೆ. ಆದರೆ ಮಗ ಅವ್ವನಿಗೆ ಕಳಿಸುವಾಗ ಹಣವನ್ನು ಅವ್ವನ ಕೈಯಿಂದ ಕೊಡಿಸುತ್ತಾನೆಯೇ? ಹೆಚ್ಚಿನವರು ಮೊದಲೇ ಯುಪಿಐ ಮೂಲಕ ಕಟ್ಟಿದ್ದರು. ಮರಳಿದ್ದು ಎರಡೇ. ಸೀರೆಗೆ 1,650ರಂತೆ ಹದಿನಾಲ್ಕಕ್ಕೆ 23,100 ಬಂದಿತು. ಅಸಲು 950ರಂತೆ 13,300, ಕಳಿಸಿದ ಖರ್ಚು 1,600, ಮರಳಿದ ಖರ್ಚು 200, ಜಾಹೀರಾತು 4,000. ಒಟ್ಟು 19,100. ತೆರಿಗೆಯ ಲೆಕ್ಕ ಬಿಟ್ಟರೆ ಕೈಯಲ್ಲಿ ನಿಂತದ್ದು ನಾಲ್ಕು ಸಾವಿರ ರೂಪಾಯಿ.

ಕಾನೂನನ್ನು ಮರೆಯುವಂತಿಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಂತೆ ಅಂತರಜಾಲದಲ್ಲಿ ಮಾರುವವನು ತನ್ನ ಹೆಸರು, ವಿಳಾಸ, ಹಣ ಮರಳಿಸುವ ಕ್ರಮಗಳನ್ನು ತಿಳಿಸಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿತೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. 'ಮಾಲು ನನ್ನ ಹತ್ತಿರ ಇರಲಿಲ್ಲ' ಎಂಬ ಮಾತು ಗಿರಾಕಿಯ ಮುಂದೆ ನಡೆಯದು. ಜಿಎಸ್‌ಟಿಯ ವಿಷಯದಲ್ಲಿ ಲಿಂಗಸುಗೂರಿನ ಲೆಕ್ಕಪತ್ರದವರನ್ನು ಕೇಳಿಯೇ ಮುಂದುವರಿ ಎಂದು ಹೇಳಿದೆ, ಅವನು ಕೇಳಿದ.

ಇದನ್ನೋದಿ ಯಾರೂ ನಾಳೆಯೇ ಹೊಲ ಬಿಟ್ಟು ಮೊಬೈಲು ಹಿಡಿಯಬೇಡಿ. ಹಬ್ಬವಿಲ್ಲದ ತಿಂಗಳಲ್ಲಿ ಅವನಿಗೆ ನಾಲ್ಕೈದು ಬೇಡಿಕೆ ಬಂದರೆ ಹೆಚ್ಚು. ತೊಗರಿ, ಹತ್ತಿಯ ಒಕ್ಕಲುತನವನ್ನು ಅವನು ಬಿಟ್ಟಿಲ್ಲ. ಒಮ್ಮೆ ಕೊಂಡವರ ಪಟ್ಟಿಯನ್ನು ಒಂದು ನೂರು ಹಾಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ: ಯಾರು, ಯಾರಿಗೆ, ಯಾವ ಬಣ್ಣ, ಎಷ್ಟು ಗಜ. ಮರುವರ್ಷ ಅವರಿಗೆ ಜಾಹೀರಾತಿಲ್ಲದೆ ಒಂದು ಫೋನು ಸಾಕು; ಜಾಹೀರಾತಿನ ಹಣ ಉಳಿಯುವುದು ಅಲ್ಲಿ. ಬಳೆಗಾರ ತಲೆಯಲ್ಲಿಟ್ಟುಕೊಂಡಿದ್ದನ್ನು ಇವನು ಹಾಳೆಯಲ್ಲಿಟ್ಟಿದ್ದಾನೆ.

2025ರ ಯುಗಾದಿಯ ಹೊತ್ತಿಗೆ, ಸೀರೆಯ ಲಾಭಕ್ಕೆ ಹತ್ತಿಯ ದುಡ್ಡನ್ನೂ ಕೂಡಿಸಿ, ಬಡ್ಡಿಸಹಿತ ಸಾಲ ತೀರಿಸಿ ಅವ್ವನ ಸರ ಬಿಡಿಸಿದ. ಆಕೆ ನಮ್ಮ ಮನೆಯವಳಿಗೆ ಕೊರಳು ತೋರಿಸಿ, "ಇನ್ನ ಇದನ್ನ ಬಿಚ್ಚೂದುಲ್ಲ ನೋಡ್ರಿ ಅಕ್ಕಾರ" ಎಂದಳಂತೆ. ಆ ಮಾತು ಆಕೆಯ ಮಗನಿಗೂ ಕೇಳಿಸಿರಲಿ.