ರೊಟ್ಟಿಯ ಪರಿವಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳ ಸೀಮೆಯಲ್ಲಿ ಜನರ ಊಟವು, ಯಾರೊಬ್ಬರೂ ಕುಳಿತು ಆಲೋಚಿಸದೆ, ಯಾವ ಕಟ್ಟೆಯ ಮೇಲೂ ಚರ್ಚೆಯಾಗದೆ, ಒಂದೇ ತಲೆಮಾರಿನ ಅವಧಿಯಲ್ಲಿ ರೊಟ್ಟಿಯಿಂದ ಅನ್ನಕ್ಕೆ ಬದಲಾಗಿಹೋಯಿತು. ಹಾಗೆ ಅನಾಯಾಸವಾಗಿ ಬದಲಾದುದನ್ನು ಆರೋಗ್ಯದ ದೃಷ್ಟಿಯಿಂದ ಮತ್ತೊಮ್ಮೆ ಬುದ್ಧಿಪೂರ್ವಕವಾಗಿ ಬದಲಿಸಿಕೊಳ್ಳಹೊರಟಾಗ ಮಾತ್ರ, ಒಂದು ತುತ್ತಿನ ಹಿಂದೆ ಎಷ್ಟು ಕೈಗಳ ಶ್ರಮ, ಎಷ್ಟು ಹೊಲಗಳ ನಿರ್ಧಾರ, ಎಷ್ಟು ಸರಕಾರಗಳ ನೀತಿ ಅಡಗಿರುತ್ತದೆಂಬುದು ಗೋಚರವಾಗುತ್ತದೆ. ಹಡಗಲಿ ತಾಲ್ಲೂಕಿನ ಇಟ್ಟಿಗಿಯ ನಮ್ಮ ಮನೆಯಲ್ಲಿ ಊಟವನ್ನು ಬದಲಿಸಿಕೊಳ್ಳುವ ಪ್ರಶ್ನೆ ಎದ್ದುದು, ಇಂದು ಸಾವಿರಾರು ಮನೆಗಳಲ್ಲಿ ಏಳುವಂತೆಯೇ, ಸಕ್ಕರೆ ಏರಿದೆಯೆಂದು ತೋರಿಸಿದ ರಕ್ತಪರೀಕ್ಷೆಯ ಒಂದು ಚೀಟಿಯಿಂದ.

ಚೀಟಿಯನ್ನು ನೋಡಿದವರೆಲ್ಲರೂ ಕೊಟ್ಟ ಉಪದೇಶ ಒಂದೇ: "ಅನ್ನ ಬಿಡ್ರಿ, ರೊಟ್ಟಿ ಉಣ್ರಿ." ಇದನ್ನು ವೈದ್ಯರು ಹೇಳಿದರು, ಬಂಧುಗಳು ಹೇಳಿದರು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರೂ ಹೇಳಿದರು. ಮಾತಿನಲ್ಲಿ ಸತ್ಯಾಂಶವುಂಟು, ಹೇಳಿದವರಲ್ಲಿ ವಿಶ್ವಾಸವುಂಟು. ಆದರೆ ಒಂದು ಧಾನ್ಯವನ್ನು ತೆಗೆದು ಅದರ ಸ್ಥಾನದಲ್ಲಿ ಇನ್ನೊಂದು ಧಾನ್ಯವನ್ನು ಕೂರಿಸಿದ ಮಾತ್ರಕ್ಕೆ ಊಟವು ಪಥ್ಯವಾಗುತ್ತದೆಂಬ ಈ ನಂಬಿಕೆಯನ್ನು, ನಮ್ಮ ಹಿರಿಯರ ತಾಟನ್ನು ನೆನೆದುಕೊಂಡಷ್ಟೂ, ನಾನು ಒಪ್ಪದೆ ಹೋದೆ.

ಆ ತಾಟಿನಲ್ಲಿ ರೊಟ್ಟಿ ಎಂದೂ ಒಂಟಿಯಾಗಿರಲಿಲ್ಲ. ಬಿಳಿಜೋಳದ ರೊಟ್ಟಿಯೋ, ಚಳಿಗಾಲವಾದರೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೋ ಬಂದಿತೆಂದರೆ, ಅದರ ಜೊತೆಗೆ ಮಡಿಕೆಕಾಳೋ ಹೆಸರುಕಾಳೋ ಮೊಳಕೆಯೊಡೆದು ಪಲ್ಯವಾಗಿ ಬರುತ್ತಿತ್ತು, ಹುಳಿ ಬೇಕೆಂದರೆ ಪುಂಡಿಪಲ್ಯ, ಬೇಡವೆಂದರೆ ರಾಜಗಿರಿ, ಮೆಂತ್ಯ, ಬೇಯಿಸದೆ ಹಸಿಯಾಗಿಯೇ ತಿನ್ನುವುದಕ್ಕೆ ಹಕ್ಕರಕಿ, ಸೌತೆ, ಕೈಯಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ, ತಾಟಿನ ಅಂಚಿಗೆ ಗುರೆಳ್ಳಿನದೋ ಅಗಸಿಯದೋ ಶೇಂಗಾದ್ದೋ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು ಇಲ್ಲವೆ ಕುಸುಬೆಯ ಎಣ್ಣೆಯ ಒಂದು ಧಾರೆ, ಕೊನೆಗೆ ಮಜ್ಜಿಗೆ. ಅನ್ನವೂ ಇತ್ತು, ಆದರೆ ಅದು ಬಹುಮಟ್ಟಿಗೆ ನವಣಕ್ಕಿಯ ಅನ್ನ. ನೆಲ್ಲಕ್ಕಿಯ ಅನ್ನವು ಹಬ್ಬಕ್ಕೂ ಬೀಗರಿಗೂ ಮೀಸಲಾಗಿತ್ತು. ಕೂಡ್ಲಿಗಿಯ ಕಡೆಗೆ ಹೋದಂತೆ ರೊಟ್ಟಿಯ ಪೀಠವನ್ನು ಮುದ್ದೆ ಹಂಚಿಕೊಳ್ಳುತ್ತಿತ್ತು. ಪೀಠ ಯಾರದಾದರೂ ಪರಿವಾರ ಹೆಚ್ಚುಕಡಿಮೆ ಅದೇ. ಬಡವರ ಮನೆಯಲ್ಲಿ ಈ ಪರಿವಾರ ಸಣ್ಣದಾಗುತ್ತಿತ್ತು, ಕೆಲವು ತಿಂಗಳುಗಳಲ್ಲಿ ಬರಿಯ ಅಂಬಲಿಗೂ ಹಸಿಮೆಣಸಿನಕಾಯಿಗೂ ಇಳಿಯುತ್ತಿತ್ತು ಎಂಬುದನ್ನು ಮರೆತು ಹಳೆಯ ಕಾಲವನ್ನು ಕೊಂಡಾಡುವುದು ಅನ್ಯಾಯ. ಆದರೂ ಮಳೆಗಾಲದಲ್ಲಿ ಹೊಲದ ಬದುವಿನಿಂದ ಮಡಿಲು ತುಂಬ ಸೊಪ್ಪು ತರುವ ಸ್ವಾತಂತ್ರ್ಯ ಕೂಲಿಯ ಹೆಣ್ಣುಮಕ್ಕಳಿಗೂ ಇತ್ತು.

ಈ ಪರಿವಾರವು ಕೇವಲ ರುಚಿಗಾಗಿ ನೆರೆದುದಲ್ಲವೆಂಬುದಕ್ಕೆ ವಿಜ್ಞಾನದಲ್ಲಿ ಒಂದು ಗಂಭೀರ ಸಾಕ್ಷ್ಯವುಂಟು. ದಖ್ಖನಿನ ಜೋಳವನ್ನೇ ನಂಬಿದ ಬಡವರಲ್ಲಿ ಪೆಲಾಗ್ರ ಎಂಬ ರೋಗ, ಎಂದರೆ ಬಿಸಿಲು ಬಿದ್ದ ಕಡೆಗಳಲ್ಲಿ ಚರ್ಮ ಕಪ್ಪಿಟ್ಟು ಒಡೆಯುವ, ಹೊಟ್ಟೆ ಕೆಡುವ, ಕಡೆಗೆ ಚಿತ್ತವೂ ಕಲಕುವ ವ್ಯಾಧಿ ಕಾಣಿಸಿಕೊಳ್ಳುತ್ತಿದ್ದುದನ್ನು ಹೈದರಾಬಾದಿನ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿದ್ದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ಪರಿಶೀಲಿಸಿ, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೂ ಈ ರೋಗಕ್ಕೂ ಸಂಬಂಧವಿರಬೇಕೆಂಬ ವಿಚಾರವನ್ನು 1960ರಲ್ಲಿ ಪ್ರಕಟಿಸಿದರು. ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಆ ರೋಗದ ಮೂಲ. ಅದು ಧಾರಾಳವಾಗಿ ದೊರೆಯುವ ಪದಾರ್ಥಗಳಲ್ಲಿ ಶೇಂಗಾ ಒಂದು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಕಡಮೆ, ಬೇಳೆಕಾಳುಗಳಲ್ಲಿ ಅದು ಹೇರಳ. ಧಾನ್ಯದಲ್ಲಿರುವ ಕಬ್ಬಿಣವನ್ನು ದೇಹವು ಹೀರಿಕೊಳ್ಳುವುದಕ್ಕೆ ಹಸಿ ತರಕಾರಿಯಲ್ಲಿರುವ ಸಿ ಜೀವಸತ್ವ ಸಹಾಯಕ. ಆದುದರಿಂದ ರೊಟ್ಟಿಯ ಮಗ್ಗುಲಿಗೆ ಶೇಂಗಾದ ಹಿಂಡಿ, ಮೊಳಕೆಯ ಕಾಳು, ಹಸಿಯ ಸೊಪ್ಪು ಇವು ಬಂದು ಕುಳಿತುದು ಎಷ್ಟೋ ತಲೆಮಾರುಗಳ ಹೆಂಗಸರ ಮೌನವಾದ ಪರೀಕ್ಷೆಯ ಫಲವೆಂದು ನಾನು ನಂಬುತ್ತೇನೆ. ಜೋಳ ತಾನೊಂದೇ ಅಮೃತವಲ್ಲ. ಬರಿಯ ರೊಟ್ಟಿಯನ್ನು ಉಂಡವನೂ ರೋಗಿಯಾಗಬಲ್ಲ.

ಧಾನ್ಯವೊಂದೇ ಊಟವಾಗಬಲ್ಲುದೆ ಎಂಬ ಈ ಪ್ರಶ್ನೆಗೆ ನಮ್ಮ ಸೀಮೆಯ ಪೂರ್ವಿಕರು ತಮ್ಮ ಪ್ರಾಣಗಳನ್ನು ತೆತ್ತಿದ್ದಾರೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತ್ಯಂತ ಘೋರವಾಗಿ ಬೆಂದ ಜಿಲ್ಲೆಗಳಲ್ಲೊಂದು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಹೊರುವ, ಮಣ್ಣು ಅಗೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಎಂದರೆ ಸುಮಾರು 450 ಗ್ರಾಮು, ಮೇಲೆ ಒಂದಾಣೆ ಸಾಕೆಂದು 1877ರ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದನು. ಆಧಿಪತ್ಯದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷ್ ಎಂಬಾತನು ಅದನ್ನು ವಿರೋಧಿಸಿ, ದುಡಿಯುವ ದೇಹಕ್ಕೆ ಒಂದೂವರೆ ಪೌಂಡಾದರೂ ಧಾನ್ಯ ಬೇಕು, ಅದರೊಂದಿಗೆ ಬೇಳೆ, ತರಕಾರಿ ಇವೂ ಬೇಕೆಂದು ವಾದಿಸಿದನು. ಅದೇ ವರ್ಷ ಕೂಲಿಯ ಪ್ರಮಾಣವನ್ನು ಹೆಚ್ಚಿಸಬೇಕಾಯಿತು, ಆದರೆ ಅಷ್ಟರಲ್ಲಿ ಉಳಿಯಬೇಕಾದ ಅನೇಕರು ಉಳಿದಿರಲಿಲ್ಲ. ಹೊಟ್ಟೆಗೆ ಬೀಳುವ ಕಾಳಿನ ತೂಕವನ್ನಷ್ಟೇ ಲೆಕ್ಕ ಹಾಕುವವನು ಊಟದ ಅರ್ಥವನ್ನು ಅರಿಯಲಾರನೆಂಬ ಕಾರ್ನಿಷನ ನಿಲುವು ನನಗೆ ಇಂದಿಗೂ ಪ್ರಸ್ತುತವೆಂದು ತೋರುತ್ತದೆ.

ಇಂದಿನ ಸ್ಥಿತಿ ಅದಕ್ಕೆ ಪೂರ್ಣ ವಿಪರೀತವಾದುದು. ಕೊರತೆಯ ಜಾಗದಲ್ಲಿ ಸಮೃದ್ಧಿ ಬಂದಿದೆ. ತುಂಗಭದ್ರೆಗೆ ಅಣೆಕಟ್ಟಾಗಿ, ಕಾಲುವೆಯ ಕೆಳಗಣ ಸೀಮೆಯೆಲ್ಲ ಗದ್ದೆಯಾಗಿ, ನೆಲ್ಲಕ್ಕಿಯು ನಮ್ಮ ಸಂತೆಗಳಿಗೂ ಧಾರಾಳವಾಗಿ ಹರಿದುಬಂದಿತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯು ಕಿಲೋವಿಗೆ ಒಂದು ರೂಪಾಯಿಯಂತೆ, ಮುಂದೆ ಪುಕ್ಕಟೆಯಾಗಿ, ಅಕ್ಕಿಯನ್ನು ಬಡವರ ಮನೆಯ ಹೊಸ್ತಿಲಿಗೆ ತಂದಿತು. ಸುಗ್ಗಿ ಮುಗಿದ ಮೇಲೆ ಕೂಲಿ ಹುಡುಕುತ್ತ ಗುಳೆ ಹೋಗುವ ನಮ್ಮ ಸೀಮೆಯ ಜನಕ್ಕೆ, ಮುದುಕರೂ ಮಕ್ಕಳೂ ಹಿಂದೆ ಉಳಿದ ಮನೆಯಲ್ಲಿ ಗಡಿಗೆ ಬರಿದಾಗದೆಂಬ ಧೈರ್ಯವನ್ನು ಈ ಅಕ್ಕಿ ಕೊಟ್ಟಿತೆಂಬುದನ್ನು ಬಲ್ಲವನಾದುದರಿಂದ, ಅದನ್ನು ಹಳಿಯುವವರ ಗುಂಪಿಗೆ ನಾನು ಸೇರತಕ್ಕವನಲ್ಲ. ಹಸಿವನ್ನು ನೀಗಿದ ಅನ್ನಕ್ಕೆ ನಮಸ್ಕಾರವೇ ಸಲ್ಲತಕ್ಕದ್ದು. ಆದರೆ ತಾಟಿನ ತುಂಬ ಅನ್ನ, ಅದರ ಮೇಲೆ ತೆಳ್ಳನೆಯ ಸಾರು ಎಂಬಲ್ಲಿಗೆ ಊಟ ಮುಗಿಯುವುದಾದರೆ, ಟೆಂಪಲ್ಲನ ಲೆಕ್ಕವೇ ಬೇರೆ ವೇಷದಲ್ಲಿ ಮರಳಿ ಬಂದಂತಾಗುವುದಿಲ್ಲವೆ?

ಅಕ್ಕಿಗೂ ಕಿರುಧಾನ್ಯಕ್ಕೂ ನಡೆಯುವ ವ್ಯಾಜ್ಯ ನಮ್ಮಲ್ಲಿ ಹೊಸದಲ್ಲ. ತುಂಗಭದ್ರೆಯ ಆಚೆಯ ದಡದ ಸೀಮೆಯವರಾದ ಕನಕದಾಸರು ರಾಮಧಾನ್ಯಚರಿತೆಯಲ್ಲಿ ವ್ರೀಹಿಗೂ, ಎಂದರೆ ನೆಲ್ಲಿಗೂ, ರಾಗಿಗೂ ವಾದ ಹೂಡಿಸಿ ರಾಮನಿಂದ ರಾಗಿಗೆ ಜಯವನ್ನು ಕೊಡಿಸಿದರು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದಾಗ ಆ ತೀರ್ಪನ್ನು ಲೋಕವೇ ಎತ್ತಿಹಿಡಿದಂತೆ ನಮ್ಮವರು ಸಂಭ್ರಮಿಸಿದರು. ಸಂಭ್ರಮ ಯುಕ್ತವೇ. ಆದರೆ ಆ 2023ರಲ್ಲಿಯೇ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ದೊಡ್ಡ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಮೇಲ್ಪಟ್ಟು ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಆ ಅಧ್ಯಯನದ ಮುಂದುವರಿಕೆಯಾಗಿ 2025ರಲ್ಲಿ ಬಂದ ಆಹಾರದ ವರದಿಯಂತೆ, ನಮ್ಮ ಜನ ತಮ್ಮ ಶಕ್ತಿಯ ಶೇಕಡಾ 62ರಷ್ಟನ್ನು ಪಿಷ್ಟ, ಸಕ್ಕರೆಗಳ ವರ್ಗದಿಂದಲೇ ಪಡೆಯುತ್ತಾರೆ. ಬಿಳಿಯ ಧಾನ್ಯದ ಬದಲಿಗೆ ಇಡಿಗೋದಿಯನ್ನೋ ಕಿರುಧಾನ್ಯದ ಹಿಟ್ಟನ್ನೋ ಅಷ್ಟೇ ಪ್ರಮಾಣದಲ್ಲಿ ಉಂಡರೆ ಮಧುಮೇಹದ ಅಪಾಯ ತಗ್ಗುವುದಿಲ್ಲ, ಆ ಪಾಲಿನಲ್ಲಿ ಸ್ವಲ್ಪವನ್ನಾದರೂ ಬೇಳೆಕಾಳು, ಹಾಲುಮೊಸರಿನಂಥ ಪ್ರೋಟೀನಿಗೆ ಬಿಟ್ಟುಕೊಟ್ಟರೆ ತಗ್ಗುತ್ತದೆಂದು ಅದೇ ವರದಿ ಸೂಚಿಸುತ್ತದೆ. ಪೀಠದಲ್ಲಿ ಯಾರು ಕುಳಿತಿದ್ದಾರೆಂಬುದಕ್ಕಿಂತ ಪರಿವಾರ ಎಷ್ಟು ದೊಡ್ಡದಾಗಿದೆಯೆಂಬುದೇ ಮುಖ್ಯವೆಂದು ಇದನ್ನು ಓದಿ ನಾನು ತಿಳಿದುಕೊಂಡೆ.

ನಮ್ಮ ಮನೆಯಲ್ಲಿ ಬದಲಾವಣೆಯನ್ನು ಹೂಡಿದಾಗ ಮೊದಲು ಎದುರಾದುದು ಒಲೆಯ ಪ್ರಶ್ನೆ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿಯುವ ನೀರು ಹೊಯ್ದು, ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದಿ, ಅಂಗೈಯಿಂದ ಬಡಿದು ಬಡಿದು ಅಗಲಿಸಿ, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಒಂದೊಂದು ರೊಟ್ಟಿಗೂ ಅಷ್ಟೇ ಶ್ರಮ, ನೂರನೆಯದಕ್ಕೂ ರಿಯಾಯಿತಿಯಿಲ್ಲ. ಅನ್ನವಾದರೋ ಒಲೆಯ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗಬಹುದು. ಬೆಳಿಗ್ಗೆ ಕಳೆ ತೆಗೆಯಲು ಹೊಲಕ್ಕೆ ಹೋಗಿ ಸಂಜೆ ಬರುವ ಹೆಣ್ಣುಮಗಳು ಅಕ್ಕಿಯನ್ನು ಆರಿಸಿಕೊಂಡದ್ದು ನಾಲಗೆಯ ಚಾಪಲ್ಯದಿಂದಲ್ಲ, ಸೊಂಟದ ನೋವಿನಿಂದ. ಗಂಡಸರ ರಕ್ತದಲ್ಲಿ ಸಕ್ಕರೆ ಏರಿತೆಂದು ಮನೆಯ ಹೆಂಗಸರನ್ನು ಮತ್ತೆ ಹೊಗೆಯ ಮುಂದೆ ಕೂರಿಸುವುದೇ ಆರೋಗ್ಯವಾದರೆ ಆ ಆರೋಗ್ಯ ಯಾರದು? "ರೊಟ್ಟಿ ಬಡಿಯಾಕ ನಾ ಒಲ್ಲೆ ಅನ್ನಂಗಿಲ್ಲ, ಆದ್ರ ಸೊಪ್ಪು ಸೋಸೋರು ಯಾರು, ಹಿಂಡಿ ಕುಟ್ಟೋರು ಯಾರು, ಅದನ್ನ ಮೊದ್ಲ ಹೇಳ್ರಿ" ಎಂದು ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ನ್ಯಾಯವಾದ ಉತ್ತರ ಒಂದೇ ಇತ್ತು. ಸೊಪ್ಪನ್ನು ಸೋಸುವುದು, ಕಾಳನ್ನು ನೆನೆಯಿಟ್ಟು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ಗುರೆಳ್ಳನ್ನು ಹುರಿದು ಕುಟ್ಟುವುದು, ಇವು ನನ್ನ ಪಾಲಿಗೂ ಮಗನ ಪಾಲಿಗೂ ಬಂದವು. ವಾರದಲ್ಲಿ ಕೆಲವು ದಿನ ಮಾತ್ರ ಮನೆಯ ರೊಟ್ಟಿ, ಉಳಿದ ದಿನ ಮಾರುವ ಹೆಂಗಸರಿಂದ ತಂದ ಕಡಕ್ ರೊಟ್ಟಿಯೋ ನವಣಕ್ಕಿಯೋ ನಡೆಯುತ್ತದೆಂದು ಗೊತ್ತಾಯಿತು. ಅನ್ನವನ್ನು ನಾವು ಬಹಿಷ್ಕರಿಸಲಿಲ್ಲ. ಮೊದಲು ಪಲ್ಯ, ಕಾಳು, ಮೊಸರು ತಾಟಿಗೆ ಬಂದು, ಉಳಿದ ಎಡೆಯಲ್ಲಿ ರೊಟ್ಟಿಯೋ ಅನ್ನವೋ ಕೂಡಬೇಕೆಂಬುದಷ್ಟೇ ನಿಯಮ.

ಬಿಡುವುದಕ್ಕೆ ಎಲ್ಲಕ್ಕಿಂತ ಕಠಿನವಾದುದು ಮುಂಜಾನೆಯ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ. ಹರಪನಹಳ್ಳಿ, ಕೊಟ್ಟೂರು, ಹಡಗಲಿಗಳ ಬಸ್ ನಿಲ್ದಾಣದ ಬಳಿ ಬೆಳಗಿನಲ್ಲಿ ಇಳಿದವನಿಗೆ, ಕಾದ ಎಣ್ಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಸಿಡಿಯುವ ಸದ್ದು, ಹುರಿಗಡಲೆಯ ಹಿಟ್ಟು ಉದುರಿಸಿದ ಮಂಡಕ್ಕಿಯ ಘಮ, ಕಾಗದದ ಮೇಲೆ ಸುರಿದ ಆ ರಾಶಿಯ ಸುತ್ತ ನಿಂತ ಗೆಳೆಯರ ಮಾತು ಇವುಗಳಿಂದ ತಪ್ಪಿಸಿಕೊಳ್ಳುವ ಹಾದಿಯಿಲ್ಲ. ಅದು ಈ ಸೀಮೆಯ ಸ್ನೇಹದ ರೀತಿಯೇ ಆಗಿದೆ. ದಿನಕ್ಕೆ 5 ಗ್ರಾಮು ಉಪ್ಪು ಸಾಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಆ ಬಾಣಲೆಯ ಎದುರಿನಲ್ಲಿ ನೆನಪಿಗೆ ಬಂದರೂ ನಿಲ್ಲುವುದಿಲ್ಲ. ಸ್ನೇಹವನ್ನು ಬಿಡಬೇಕೆಂದು ಹೇಳುವ ಪಥ್ಯ ಬಹುಕಾಲ ಬಾಳದೆಂದು ನಾನು ಎಣಿಸಿ, ಅದನ್ನು ದಿನದ ತಿಂಡಿಯ ಸ್ಥಾನದಿಂದ ಇಳಿಸಿ ಸಂತೆಯ ದಿನಕ್ಕೆ ಮೀಸಲಿಟ್ಟೆ. ಉಳಿದ ಮುಂಜಾನೆಗಳಿಗೆ ತಂಗಳು ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಉಳ್ಳಾಗಡ್ಡಿಯೊಂದಿಗೆ ತಿನ್ನುವ ಹಳೆಯ ಕ್ರಮ ಸಾಕಾಗಿದೆ. ರುಚಿಯಲ್ಲಿಯೂ ಅದು ಕಡಮೆಯದಲ್ಲ.

ಆದರೆ ಪರಿವಾರವನ್ನು ತಾಟಿಗೆ ಕರೆಯುವುದಕ್ಕೆ ಮೊದಲು ಅದು ಹೊಲದಲ್ಲಿರಬೇಕಷ್ಟೆ. ಹಿಂದೆ ಜೋಳವನ್ನು ಬಿತ್ತಿದರೆ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಮಡಿಕೆ, ಅಲಸಂದಿ, ಗುರೆಳ್ಳು, ಅಂಚಿಗೆ ಪುಂಡಿ ಬೀಳುತ್ತಿದ್ದವು. ತಾಟಿನಲ್ಲಿ ಕೂಡಿ ಬರತಕ್ಕವು ಮಣ್ಣಿನಲ್ಲಿಯೇ ಕೂಡಿ ಬೆಳೆಯುತ್ತಿದ್ದವು. ಈಗ ನಮ್ಮ ಕಡೆಯ ಕೆಂಪು ಹೊಲಗಳೂ ಎರೆಯ ಹೊಲಗಳೂ ಬಹುಪಾಲು ಮೆಕ್ಕೆಜೋಳದ ಕೈಯಲ್ಲಿವೆ. ಅದು ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುವ ಬೆಳೆ, ಬೆಳೆದವನ ತಾಟಿಗೆ ಬರುವುದಲ್ಲ. ಅದಕ್ಕೆ ಹೊಡೆಯುವ ಅಟ್ರಜಿನ್ ಎಂಬ ಕಳೆನಾಶಕವು ಹುಲ್ಲಿನ ಜಾತಿಯ ಮೆಕ್ಕೆಜೋಳವನ್ನು ಉಳಿಸಿ ಅಗಲ ಎಲೆಯ ಸಸ್ಯಗಳನ್ನು ಕೊಲ್ಲುವುದರಿಂದ, ಅಕ್ಕಡಿಯ ಕಾಳುಗಳಿಗೂ ತಾನಾಗಿ ಹುಟ್ಟುವ ರಾಜಗಿರಿಗೂ ಆ ಹೊಲದಲ್ಲಿ ಎಡೆಯಿಲ್ಲ. ಮಡಿಲು ತುಂಬ ಸೊಪ್ಪು ತರುತ್ತಿದ್ದ ಕೂಲಿಯವಳು ಈಗ ಸಂತೆಯಲ್ಲಿ ಹಣ ಕೊಟ್ಟು ಕೊಳ್ಳಬೇಕು. ಕೊಳ್ಳಲಾರದವಳು ಅನ್ನ ಸಾರಿಗೆ ಹಿಂದಿರುಗುತ್ತಾಳೆ. ಸಿರಿಧಾನ್ಯದ ಮೇಳಗಳಲ್ಲಿ ಈ ಮಾತು ಕೇಳಿಬಂದುದನ್ನು ನಾನು ಕಾಣೆ, ಆದರೆ ಇದೇ ಮೊದಲು ಕೇಳಬೇಕಾದ ಮಾತು.

ಈ ಮುಂಗಾರಿಗೆ ಮೊದಲು ಇದನ್ನೆಲ್ಲ ತಮ್ಮನ ಮುಂದೆ ಇಟ್ಟೆ. ಹೊಲವನ್ನು ನೋಡಿಕೊಳ್ಳುವವನು ಅವನು. ಮೆಕ್ಕೆಜೋಳವನ್ನು ಯಂತ್ರದಲ್ಲಿ ಒಕ್ಕಬಹುದು, ಕಾಯುವ ಕೆಲಸ ಕಡಮೆ, ಜೋಳವಾದರೆ ತೆನೆಗೆ ಹಕ್ಕಿ, ಕೊಯ್ಲಿಗೆ ಆಳು, ಬೆಲೆಗೆ ಭರವಸೆಯಿಲ್ಲ ಎಂದು ಅವನು ಹೇಳಿದ ಮಾತುಗಳಲ್ಲಿ ಒಂದನ್ನೂ ತಳ್ಳಿಹಾಕುವಂತಿರಲಿಲ್ಲ. ಕಡೆಗೆ ಬಾವಿಯ ಮಗ್ಗುಲಿನ ತುಂಡು ಹೊಲದಲ್ಲಿ ಕಳೆನಾಶಕ ಹೊಡೆಯದೆ, ಬಿಳಿಜೋಳದ ನಡುವೆ ಅಕ್ಕಡಿ ಹಾಕಿ, ಬದುವಿಗೆ ಪುಂಡಿಯನ್ನೂ ಗುರೆಳ್ಳನ್ನೂ ಚೆಲ್ಲುವುದಕ್ಕೆ ಒಪ್ಪಿದನು. ಅದಕ್ಕೆ ಅವನು ಹಾಕಿದ ಕಟ್ಟಳೆ ಎರಡು: ಹಕ್ಕಿ ಕಾಯುವುದಕ್ಕೆ ಮುಂಜಾನೆ ನಾನೇ ಬರಬೇಕು, ಬದುವಿನ ಸೊಪ್ಪನ್ನು ಮುರಿಯಬರುವ ಹೆಣ್ಣುಮಕ್ಕಳನ್ನು, ಅವರು ಯಾರ ಮನೆಯವರೇ ಆಗಲಿ, ಯಾರೂ ತಡೆಯಕೂಡದು.